ಕೋವಿ ಸದ್ದಿಗೆ ಕಿವಿಯೊಳಗಿನ ಎಲೆಕ್ಟ್ರಾನಿಕ್ ಪ್ಲಗ್: ಕೊಳ್ಳುವ ಮುನ್ನ ನೋಡಬೇಕಾದ್ದು

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಭಾರತಕ್ಕೆ ಶೂಟಿಂಗ್ ಒಂದರಲ್ಲೇ ಮೂರು ಕಂಚು ಬಂತು. ಅದಾದ ಮೇಲೆ ಕಾಸರಗೋಡಿನ ಕಡೆಯ ಮಕ್ಕಳೂ ರೈಫಲ್ ಕ್ಲಬ್ ಎಲ್ಲಿದೆ, ಸೇರುವುದು ಹೇಗೆ ಎಂದು ಕೇಳುತ್ತಿದ್ದಾರೆ. ಇನ್ನೊಂದು ಕಡೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರಿನ ತೋಟದವರಿಗೆ ಹಂದಿ ಕಾಟ. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಲೈಸೆನ್ಸ್ ಕೋವಿ ಇದ್ದವರಿಗೆ ಆಮೇಲೆ ಹೊತ್ತಿಲ್ಲದ ಹೊತ್ತಿನಲ್ಲಿ ಫೋನು. ಈ ಎರಡೂ ಪೈಕಿಯವರು ಕೋವಿಗೆ, ಸ್ಕೋಪಿಗೆ, ಹೆಡ್‌ಲೈಟಿಗೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಕಿವಿಗೆ ಮಾತ್ರ ಒಂದು ಚೂರು ಹತ್ತಿ. ಹತ್ತಿಯಿಂದ ಹೆಚ್ಚು ಕಡಿಮೆ ಏನೂ ತಡೆಯುವುದಿಲ್ಲ.

ಈಚೆಗೆ ಕಿವಿಯೊಳಗೆ ಹಾಕುವ ಎಲೆಕ್ಟ್ರಾನಿಕ್ ಪ್ಲಗ್‌ಗಳ ಬಗ್ಗೆ ತುಂಬ ಜನ ವಿಚಾರಿಸುತ್ತಾರೆ. ಮಾತು ಕೇಳುತ್ತದೆ, ಈಡಿನ ಸದ್ದು ಮಾತ್ರ ಕೇಳುವುದಿಲ್ಲ ಎನ್ನುವುದು ಅದರ ಆಕರ್ಷಣೆ. ಒಳ್ಳೆಯ ಸಾಮಾನೇ, ಅನುಮಾನವಿಲ್ಲ. ಆದರೆ ಮೊಬೈಲ್ ಇಯರ್‌ಬಡ್ ಕೊಳ್ಳುವ ಹಾಗೆ ಇದನ್ನು ಕೊಂಡರೆ ಕೆಲಸ ಕೆಡುತ್ತದೆ. ಯಾವ ಕ್ರಮದಲ್ಲಿ ಏನೇನು ನೋಡಬೇಕು ಎಂದು ಹೇಳುತ್ತೇನೆ.

ನಿಮ್ಮದು ಯಾವ ಕೋವಿ?

ಮೊದಲ ಪ್ರಶ್ನೆ ಇದೇ. ಹತ್ತು ಮೀಟರ್ ಏರ್ ರೈಫಲ್, ಏರ್ ಪಿಸ್ತೂಲಿನವರಿಗೆ ಈ ಲೇಖನದ ಅರ್ಧದಷ್ಟು ಬೇಡ. ಅದರ ಸದ್ದು ಕಿವಿಯನ್ನು ಒಂದೇ ಏಟಿಗೆ ಕೆಡಿಸುವ ಮಟ್ಟಕ್ಕೆ ಹೋಗುವುದಿಲ್ಲ. ಗಮನ ಚದುರದಿರಲಿ ಎಂದು ಹಲವರು ಸಾದಾ ಪ್ಲಗ್ ಹಾಕುತ್ತಾರೆ, ಅಷ್ಟು ಸಾಕು. ಮಗ ಅಥವಾ ಮಗಳು ಏರ್ ರೈಫಲ್‌ಗೆ ಸೇರಿದ ಕೂಡಲೇ ಸಾವಿರಾರು ರೂಪಾಯಿಯ ಎಲೆಕ್ಟ್ರಾನಿಕ್ ಪ್ಲಗ್ ತರಿಸಬೇಡಿ. ಆ ದುಡ್ಡಿಗೆ ಅಭ್ಯಾಸದ ಪೆಲೆಟ್, ಅಂದರೆ ಏರ್ ರೈಫಲ್ಲಿನ ಗುಂಡು, ಬರುತ್ತದೆ.

ಗುಂಡಿನ ಕೋವಿಯ ಕತೆ ಬೇರೆ. ಇಂಥ ಹಠಾತ್ ಸದ್ದಿಗೆ 140 ಡೆಸಿಬೆಲ್ ಅನ್ನು ಅಪಾಯದ ಗೆರೆ ಎಂದು ಇಟ್ಟುಕೊಂಡಿದ್ದಾರೆ. ಪಾಯಿಂಟ್ ಟೂ ಟೂ (.22) ರೈಫಲ್ ಆ ಗೆರೆಯ ಆಸುಪಾಸಿನಲ್ಲಿದೆ. ಹನ್ನೆರಡು ಬೋರಿನ ತೋಟೆ ಕೋವಿ 150 ದಾಟುತ್ತದೆ. ದೊಡ್ಡ ರೈಫಲ್, ಪಿಸ್ತೂಲುಗಳು 160ಕ್ಕೂ ಮೇಲೆ ಹೋಗುತ್ತವೆ. ಕೇಪಿನ ಕೋವಿ ಹಳೆಯದಲ್ವಾ, ಏನಾಗುತ್ತದೆ ಎಂದು ಅದನ್ನು ಲೆಕ್ಕದಿಂದ ಬಿಡಬೇಡಿ. ಮದ್ದು ಎಷ್ಟು ತುಂಬಿದ್ದಾರೆ ಎನ್ನುವುದು ತುಂಬಿದವನಿಗೇ ಗೊತ್ತು.

ಡೆಸಿಬೆಲ್ ಲೆಕ್ಕ ನಾವು ಅಂದುಕೊಂಡ ಹಾಗೆ ಏರುವುದಿಲ್ಲ. ಮೂರು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಇಮ್ಮಡಿ. 140ಕ್ಕೂ 160ಕ್ಕೂ ಬರೀ ಇಪ್ಪತ್ತರ ವ್ಯತ್ಯಾಸ ಎನ್ನಿಸಬಹುದು, ಶಕ್ತಿಯಲ್ಲಿ ಅದು ನೂರು ಪಟ್ಟು. ಇನ್ನೊಂದು ಮೋಸವೂ ಇದೆ. ಈಡಿನ ಸದ್ದು ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಹಾಗಾಗಿ ಅದು ನಿಜವಾಗಿ ಎಷ್ಟು ಜೋರೋ ಅಷ್ಟು ಜೋರಾಗಿ ನಮಗೆ ಕೇಳಿಸುವುದೇ ಇಲ್ಲ. ಜೋರು ಸದ್ದಿಗೆ ಬಿಗಿದುಕೊಳ್ಳುವ ಸಣ್ಣ ಸ್ನಾಯು ಕಿವಿಯೊಳಗೆ ಇದೆ, ಆದರೆ ಅದು ಬಿಗಿಯುವಷ್ಟರಲ್ಲಿ ಈಡು ಮುಗಿದಿರುತ್ತದೆ. ಒಳಕಿವಿಯ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕುಂಬಳೆ ಜಾತ್ರೆಯ ಬೆಡಿ, ಅಂದರೆ ಸಿಡಿಮದ್ದು, ನೋಡಿ ಬಂದವರಿಗೆ ಕಿವಿ ಗುಂಯ್ ಎನ್ನುವುದು ಗೊತ್ತು. ಬೆಡಿಯ ಹತ್ತಿರ ನಿಲ್ಲುವವರಿಗೂ ಇಲ್ಲಿ ಹೇಳುವ ಹೆಚ್ಚಿನ ಮಾತು ಹೊಂದುತ್ತದೆ, ಬೇಕಾದವರು ತೆಗೆದುಕೊಳ್ಳಿ. ಚೆಂಡೆಯದ್ದು ಬೇರೆ ಲೆಕ್ಕ. ಅದಕ್ಕೆ ಸಂಗೀತಗಾರರ ಪ್ಲಗ್ ಎಂದೇ ಪ್ರತ್ಯೇಕ ಸಿಗುತ್ತದೆ.

ಸದ್ದು ತಡೆಯುವುದು ಎಲೆಕ್ಟ್ರಾನಿಕ್ಸ್ ಅಲ್ಲ

ಇದೊಂದು ಮನಸ್ಸಿಗೆ ಬಂದರೆ ಮುಂದಿನ ಆಯ್ಕೆ ಸಲೀಸು. ಗುಂಡು ಹಾರಿದ ಕ್ಷಣಕ್ಕೆ ಪ್ಲಗ್ಗಿನೊಳಗಿನ ಚಿಪ್ ಏನೋ ಮಾಡಿ ಸದ್ದನ್ನು ನುಂಗುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಸದ್ದು ತಡೆಯುವುದು ಕಿವಿಯ ಕೊಳವೆಯನ್ನು ಮುಚ್ಚುವ ಫೋಮ್ ಅಥವಾ ಸಿಲಿಕೋನ್ ತುದಿ. ಬಾವಿಗೆ ಮುಚ್ಚಳ ಹಾಕಿದ ಮೇಲೆ ಪಂಪಿನಿಂದ ಬೇಕಾದಷ್ಟೇ ನೀರೆತ್ತುವ ಹಾಗೆ ಇದರ ಕೆಲಸ. ತುದಿ ಎಲ್ಲವನ್ನೂ ಮುಚ್ಚುತ್ತದೆ. ಹೊರಗಿನ ಮೈಕ್ ಸಣ್ಣ ಸದ್ದುಗಳನ್ನು ಹಿಡಿದು ಒಳಗಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುತ್ತದೆ. ಹೊರಗೆ ಸದ್ದು ಜೋರಾದರೆ ಆ ಸ್ಪೀಕರಿನ ಸದ್ದನ್ನು ಸುಮಾರು 85 ಡೆಸಿಬೆಲ್ ಒಳಗೇ ನಿಲ್ಲಿಸುತ್ತದೆ. ಅಷ್ಟೇ.

ಹಾಗಾದರೆ ಬ್ಯಾಟರಿ ಸತ್ತರೆ? ಮಾತು ಕೇಳುವುದಿಲ್ಲ, ರಕ್ಷಣೆ ಹಾಗೇ ಇರುತ್ತದೆ. ತುದಿ ಸಡಿಲವಾದರೆ? ಎಂಥ ದುಬಾರಿ ಚಿಪ್ ಇದ್ದರೂ ಈಡಿನ ಸದ್ದು ಸಂದಿಯಲ್ಲಿ ನೇರ ಒಳಗೆ. ಹೀಗಾಗಿ ಎರಡು ಮಾಡೆಲ್ ಮುಂದಿದ್ದು ಒಂದರ ಬ್ಲೂಟೂತ್ ಚೆನ್ನಾಗಿದೆ, ಇನ್ನೊಂದರ ತುದಿ ನಿಮ್ಮ ಕಿವಿಗೆ ಕೂರುತ್ತದೆ ಎಂದಾದರೆ ಯೋಚಿಸಲು ಏನೂ ಇಲ್ಲ.

ಅಮೆರಿಕದ ಸೈನಿಕರ ಒಂದು ಪ್ರಕರಣ ಇದಕ್ಕೆ ಹತ್ತಿರದ್ದು. 3ಎಂ ಕಂಪನಿಯ ಕಾಂಬ್ಯಾಟ್ ಆರ್ಮ್ಸ್ ಎಂಬ ಪ್ಲಗ್ ಗಿಡ್ಡವಾಗಿತ್ತು, ಕಿವಿಯಲ್ಲಿ ಸರಿಯಾಗಿ ಕೂರದೆ ಗೊತ್ತಾಗದ ಹಾಗೆ ಸಡಿಲವಾಗುತ್ತಿತ್ತು ಎಂದು ಲಕ್ಷಾಂತರ ಮಂದಿ ದಾವೆ ಹಾಕಿದರು. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ, ಆದರೆ 2023ರ ಆಗಸ್ಟ್‌ನಲ್ಲಿ ಸುಮಾರು 600 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡಿತು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇರಲೇ ಇಲ್ಲ. ಜಗಳವೆಲ್ಲ ಕೂರುವುದರ ಮೇಲೆ.

ಇದೇ ಕಾರಣಕ್ಕೆ ಸಾದಾ ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ಕೋವಿಗೆ ಆಗುವುದಿಲ್ಲ. ಅದು ವಿಮಾನದ ಗುಂಯ್‌ಗುಟ್ಟುವಿಕೆಗೆ, ಬಸ್ಸಿನ ಸದ್ದಿಗೆ ಮಾಡಿದ್ದು. ಏರ್‌ಪಾಡ್ಸ್ ಪ್ರೊ 2ಕ್ಕೆ ಕಿವಿ ರಕ್ಷಣೆಯ ಸೌಲಭ್ಯ ಕೊಟ್ಟ ಆಪಲ್ ಕೂಡ ಗುಂಡಿನ ಸದ್ದಿಗೆ, ಪಟಾಕಿಗೆ ಇದು ತಕ್ಕದ್ದಲ್ಲ ಎಂದು ತಾನೇ ಹೇಳಿದೆ.

ಸ್ಪರ್ಧೆಗೆ ಹೋಗುವವರು ಇಲ್ಲೇ ನಿಲ್ಲಿ

ಅಂಗಡಿಯವರು ಹೇಳದ ಸಂಗತಿ ಇದು. ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ ನಿಯಮದಲ್ಲಿ 25, 50, 300 ಮೀಟರ್ ರೇಂಜ್ ಮತ್ತು ಶಾಟ್‌ಗನ್ ರೇಂಜುಗಳಲ್ಲಿ ಕಿವಿಗೆ ರಕ್ಷಣೆ ಹಾಕಿ ಎಂದು ಒತ್ತಿ ಹೇಳಿದ್ದಾರೆ. ಅದೇ ನಿಯಮದಲ್ಲಿ, ಸದ್ದು ಹಿಡಿದು ಕೇಳಿಸುವ ಸಾಧನ ಇರುವ ರಕ್ಷಣೆಯನ್ನು ಆಟಗಾರರು ಹಾಕುವಂತಿಲ್ಲ ಎಂದೂ ಇದೆ. ನಮ್ಮ ರಾಷ್ಟ್ರೀಯ ರೈಫಲ್ ಸಂಸ್ಥೆ ಅನುಸರಿಸುವುದು ಆ ನಿಯಮಗಳನ್ನೇ. ಅಂದರೆ ಅಭ್ಯಾಸದಲ್ಲಿ ಹಾಕಿದ ಎಲೆಕ್ಟ್ರಾನಿಕ್ ಪ್ಲಗ್ ಸ್ಪರ್ಧೆಯ ದಿನ ಬ್ಯಾಗಿನಲ್ಲೇ ಉಳಿಯಬಹುದು.

ಹಾಗಾಗಿ ಜಿಲ್ಲಾ, ರಾಜ್ಯ ಮಟ್ಟದ ಸ್ಪರ್ಧೆಯ ಗುರಿ ಇರುವವರು ಮೊದಲೇ ತಮ್ಮ ಕ್ಲಬ್ಬಿನ ಕೋಚ್ ಹತ್ತಿರ ಆ ವರ್ಷದ ನಿಯಮ ಕೇಳಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಸ್ಪರ್ಧೆಯೇ ಮುಖ್ಯ ಎನ್ನುವ ಹುಡುಗ ಹುಡುಗಿಯರಿಗೆ ಒಳ್ಳೆಯ ಸಾದಾ ಪ್ಲಗ್ಗೇ ಸರಿ. ಅಭ್ಯಾಸಕ್ಕೂ ಅದೇ, ಸ್ಪರ್ಧೆಗೂ ಅದೇ. ಕಿವಿಯಲ್ಲಿ ಕೇಳುವ ರೀತಿ ಬದಲಾದರೆ ಲಯ ತಪ್ಪುತ್ತದೆ.

ಎಲೆಕ್ಟ್ರಾನಿಕ್ ಪ್ಲಗ್ ನಿಜವಾಗಿ ಬೇಕಾದ್ದು ಮೂರು ಬಗೆಯವರಿಗೆ. ರೇಂಜಿನಲ್ಲಿ ಕಲಿಸುವ, ನೋಡಿಕೊಳ್ಳುವವರಿಗೆ. ಹೊಸದಾಗಿ ಕಲಿಯುವವರಿಗೆ, ಯಾಕೆಂದರೆ ‘ಸ್ಟಾಪ್’ ಎಂದ ಮಾತು ಅವರಿಗೆ ಕೇಳಲೇಬೇಕು. ನಮ್ಮ ಕಡೆ ಆ ಮಾತಿನ ಹಿಂದೆ ಮುಂದೆ ಮಲಯಾಳ, ತುಳು, ಕನ್ನಡ ಮೂರೂ ಬರುತ್ತವೆ. ಅರ್ಧ ಕೇಳಿ ಅರ್ಧ ಊಹಿಸುವ ಜಾಗ ಅದಲ್ಲ.

ಮೂರನೆಯವರು ಆದೇಶದ ಮೇಲೆ ಹಂದಿಗೆ ಹೋಗುವವರು. ರಾತ್ರಿ ಅಡಿಕೆ ತೋಟದಲ್ಲಿ ಕಾಯುವಾಗ ಕಣ್ಣಿಗಿಂತ ಕಿವಿಯೇ ಮುಂದೆ. ಒಣ ಸೋಗೆಯ ಮೇಲೆ ಕಾಲು ಬಿದ್ದ ಪರಪರ ಸದ್ದು, ಕಣಿಯ ನೀರು ಕಲಕಿದ ಸದ್ದು, ಆಚೆ ಬದಿಯಲ್ಲಿ ನಿಂತವನು ಮೆಲ್ಲಗೆ ಕೆಮ್ಮಿದ್ದು, ಎಲ್ಲ ಕೇಳಬೇಕು. ಸಾದಾ ಪ್ಲಗ್ ಹಾಕಿದರೆ ಇದೊಂದೂ ಗೊತ್ತಾಗುವುದಿಲ್ಲ ಎಂದೇ ಯಾರೂ ಹಾಕುವುದಿಲ್ಲ. ಜತೆಯವನು ಎಲ್ಲಿ ನಿಂತಿದ್ದಾನೆ ಎಂದು ತಿಳಿಯದೆ ಕೋವಿಯ ಕುದುರೆಗೆ (ಟ್ರಿಗರ್) ಬೆರಳು ಹೋಗಲೇಬಾರದು. ಹಾಗಾಗಿ ಇಂಥವರಿಗೆ ಎಲೆಕ್ಟ್ರಾನಿಕ್ ಪ್ಲಗ್ ಶೋಕಿಯ ಸಾಮಾನು ಅಲ್ಲವೇ ಅಲ್ಲ.

ಅಂಗಡಿಗೆ ಮೊದಲು ಕಿವಿ ಡಾಕ್ಟರ್

ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿದ್ದರೆ ಪ್ಲಗ್ ಅದನ್ನು ಇನ್ನೂ ಒಳಗೆ ತಳ್ಳುತ್ತದೆ. ತುದಿಯೂ ಸರಿಯಾಗಿ ಕೂರುವುದಿಲ್ಲ. ನಮ್ಮ ಕರಾವಳಿಯ ಹವೆಗೆ ಕಿವಿಯಲ್ಲಿ ಬೂಸು ಬರುವುದೂ ಸಾಮಾನ್ಯ, ಅದರಲ್ಲೂ ಮಳೆಗಾಲದಲ್ಲಿ. ತುರಿಕೆ, ಸೋರುವಿಕೆ, ನೋವು ಇದ್ದರೆ ಗುಣವಾಗುವ ತನಕ ಕಿವಿಯೊಳಗೆ ಏನನ್ನೂ ಹಾಕಬೇಡಿ. ಅಲ್ಲಿಯವರೆಗೆ ಹೊರಗಿನಿಂದ ಇಡೀ ಕಿವಿ ಮುಚ್ಚುವ ಇಯರ್ ಮಫ್.

ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿ, ಅದೇ ದಿನ ಆಡಿಯೋಗ್ರಾಮ್ ಮಾಡಿಸಿಕೊಳ್ಳಿ. ಯಾವ ಕಿವಿಗೆ ಎಷ್ಟು ಕೇಳುತ್ತದೆ ಎಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸುವ ಪರೀಕ್ಷೆ ಅದು. ಕಾಸರಗೋಡು, ಮಂಗಳೂರಲ್ಲಿ ಇದಕ್ಕೆ ಕಷ್ಟವಿಲ್ಲ. ಮೈಸೂರಿನ ಕಡೆ ಹೋಗುವುದಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ. ಕೋವಿಯ ಸದ್ದಿನಿಂದ ಕಿವಿ ಕೆಡಲು ಶುರುವಾದರೆ ಮೊದಲು ಏಟು ಬೀಳುವುದು ಸಾಮಾನ್ಯವಾಗಿ 4000 ಹರ್ಟ್ಸ್ ಸುತ್ತಮುತ್ತಲಿನ ಕೀಚಲು ಸದ್ದುಗಳಿಗೆ. ಮಾತು ಕೇಳುತ್ತಾ ಇರುತ್ತದೆ, ಕೆಲವು ಅಕ್ಷರ ಮಾತ್ರ ಜಾರುತ್ತದೆ. ಮದುವೆ ಮನೆಯ ಗಲಾಟೆಯಲ್ಲಿ ‘ಎಂತ ಭಾವ, ಕೆಮಿ ಕೇಳ್ತಿಲ್ಲೆಯಾ?’ ಎಂದು ನಾಲ್ಕು ಜನ ಕೇಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಬಲಗೈಯವರಾದರೆ ಎಡಗಿವಿಯ ಗೆರೆಯನ್ನು ವಿಶೇಷವಾಗಿ ನೋಡಿ. ಉದ್ದ ಕೋವಿಯನ್ನು ಬಲಭುಜಕ್ಕೆ ಒತ್ತಿ ತಲೆ ವಾಲಿಸಿದಾಗ ಎಡಗಿವಿ ಕೋವಿಯ ಬಾಯಿಗೆ ಎದುರಾಗುತ್ತದೆ. ಬಲಗಿವಿ ತಲೆಯ ಮರೆಯಲ್ಲಿ ಉಳಿಯುತ್ತದೆ.

ಡಬ್ಬದ ಮೇಲಿನ ಸಂಖ್ಯೆ

ಅಮೆರಿಕದ ಸಾಮಾನಿನ ಮೇಲೆ ಎನ್‌ಆರ್‌ಆರ್ ಎಂದೂ ಯುರೋಪಿನದರ ಮೇಲೆ ಎಸ್‌ಎನ್‌ಆರ್ ಎಂದೂ ಇರುತ್ತದೆ. ಎಷ್ಟು ಡೆಸಿಬೆಲ್ ತಡೆಯುತ್ತದೆ ಎನ್ನುವ ಅಳತೆ ಅದು. ಪರೀಕ್ಷೆಯ ಕ್ರಮ ಬೇರೆ ಬೇರೆಯಾದ್ದರಿಂದ ಒಂದೇ ಪ್ಲಗ್ಗಿಗೆ ಎಸ್‌ಎನ್‌ಆರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಬರುತ್ತದೆ. ಒಂದರ ಎನ್‌ಆರ್‌ಆರ್ ಅನ್ನು ಇನ್ನೊಂದರ ಎಸ್‌ಎನ್‌ಆರ್ ಜತೆ ಹೋಲಿಸಬೇಡಿ.

ಎನ್‌ಆರ್‌ಆರ್ 33 ಎಂದರೆ ಪ್ಲಗ್ಗುಗಳಲ್ಲಿ ಹೆಚ್ಚುಕಡಿಮೆ ಮೇಲಿನ ತುದಿ. ಆನ್‌ಲೈನಿನಲ್ಲಿ 40 ಎಂದು ಹಾಕಿದ್ದು ಕಂಡರೆ ಆ ಪುಟ ಮುಚ್ಚಿಬಿಡಿ. ಎಲೆಕ್ಟ್ರಾನಿಕ್ ಪ್ಲಗ್ಗುಗಳಲ್ಲಿ 23ರಿಂದ 30ರ ಒಳಗೆ ಇರುವುದು ಹೆಚ್ಚು. ಈ ಸಂಖ್ಯೆ ಪ್ರಯೋಗಾಲಯದಲ್ಲಿ, ಹೇಳಿಕೊಟ್ಟು ಸರಿಯಾಗಿ ಹಾಕಿಸಿ ಬಂದದ್ದು. ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ನಿಯೋಶ್, ಫೋಮ್ ಪ್ಲಗ್ಗಿನ ಸಂಖ್ಯೆಯಲ್ಲಿ ಅರ್ಧವನ್ನು ಕಳೆದೇ ಲೆಕ್ಕ ಹಾಕಿ ಎನ್ನುತ್ತದೆ. 30 ಇದ್ದರೆ 15. ಮನೆಯಲ್ಲಿ ಹಾಕಿಕೊಳ್ಳುವ ನಮಗೆ ಅದೇ ವಾಸಿ.

ಇನ್ನೂ ಒಂದು ತೊಡಕು. ಎನ್‌ಆರ್‌ಆರ್ ಮಿಲ್ಲಿನಂಥ ನಿರಂತರ ಸದ್ದಿಗೆ ಅಳೆದದ್ದು, ಈಡಿನಂಥ ಏಟಿಗಲ್ಲ. ಹಠಾತ್ ಸದ್ದಿಗೆ ಬೇರೆ ಪರೀಕ್ಷೆ ಇದೆ. ಅದನ್ನು 132, 150, 168 ಡೆಸಿಬೆಲ್ ಮಟ್ಟಗಳಲ್ಲಿ ಮಾಡುತ್ತಾರೆ. ಒಳ್ಳೆಯ ಕಂಪನಿಗಳು ಇದರ ಫಲಿತಾಂಶವನ್ನೂ ಕೊಡುತ್ತವೆ. ಯುರೋಪಿನ ಸಾಮಾನಾದರೆ ಇಎನ್ 352-7 ಎಂಬ ಗುರುತು ಹುಡುಕಿ, ಸದ್ದಿಗೆ ತಕ್ಕಂತೆ ಬದಲಾಗುವ ಪ್ಲಗ್ಗುಗಳ ಮಾನದಂಡ ಅದು. ಎರಡೂ ಇಲ್ಲ, ಬರೀ ‘ಮಿಲಿಟರಿ ಗ್ರೇಡ್’ ಎಂದಷ್ಟೇ ಇದೆ ಎಂದಾದರೆ ಬಿಟ್ಟುಬಿಡಿ.

ಬಯಲಿನಲ್ಲಿ ಪಾಯಿಂಟ್ ಟೂ ಟೂ ಹೊಡೆಯುವವರಿಗೆ ಸರಿಯಾಗಿ ಕೂತ ಒಂದು ಜೊತೆ ಪ್ಲಗ್ ಸಾಕಾಗುತ್ತದೆ. ಹನ್ನೆರಡು ಬೋರ್, ದೊಡ್ಡ ರೈಫಲ್, ಗೋಡೆ ಛಾವಣಿ ಇರುವ ರೇಂಜ್ ಆದರೆ ಪ್ಲಗ್ಗಿನ ಮೇಲೆ ಮಫ್ ಕೂಡ ಹಾಕಿ. ಮುಚ್ಚಿದ ಜಾಗದಲ್ಲಿ ಸದ್ದು ಹೊರಗೆ ಹೋಗದೆ ಗೋಡೆಗೆ, ಶೀಟಿಗೆ ಬಡಿದು ಮತ್ತೆ ನಿಮ್ಮ ಕಡೆಗೇ ಬರುತ್ತದೆ. ಎರಡನ್ನೂ ಹಾಕಿದರೆ 30ಕ್ಕೆ 25 ಕೂಡಿ 55 ಆಗುವುದಿಲ್ಲ. ಹೆಚ್ಚು ಇರುವ ಸಂಖ್ಯೆಗೆ ಸುಮಾರು ಐದು ಸೇರುತ್ತದೆ, ಅಷ್ಟೇ. ಸ್ವಲ್ಪ ಸದ್ದು ತಲೆಬುರುಡೆಯ ಎಲುಬಿನ ಮೂಲಕವೂ ಒಳಗೆ ಹೋಗುವುದರಿಂದ ಎಷ್ಟು ಮುಚ್ಚಿದರೂ ಅದಕ್ಕೊಂದು ಮಿತಿ ಇದೆ. ಆದರೂ ಆ ಐದು ಡೆಸಿಬೆಲ್ಲಿಗೆ ಬೆಲೆ ಇದೆ. ಪ್ಲಗ್ ಸ್ವಲ್ಪ ಜಾರಿದ ದಿನ ಮಫ್ ನಿಮ್ಮನ್ನು ಉಳಿಸುತ್ತದೆ.

ಕಡಿಮೆ ಖರ್ಚಿನ ಉಪಾಯವೂ ಒಂದಿದೆ. ಒಳಗೆ ಕೆಲವೇ ರೂಪಾಯಿಯ ಸಾದಾ ಫೋಮ್ ಪ್ಲಗ್, ಹೊರಗೆ ಎಲೆಕ್ಟ್ರಾನಿಕ್ ಮಫ್, ಅದರ ವಾಲ್ಯೂಮ್ ಜಾಸ್ತಿ. ಮಾತು ಪ್ಲಗ್ಗನ್ನು ದಾಟಿಯೂ ಕೇಳುತ್ತದೆ. ರೇಂಜಿನಲ್ಲಿ ನಿಂತು ಕಲಿಸುವವರಿಗೆ ಇದು ಹೇಳಿ ಮಾಡಿಸಿದ್ದು. ಉದ್ದ ಕೋವಿ ಹೊಡೆಯುವವರಿಗೆ ಮಾತ್ರ ಮಫ್ಫಿನ ಬಟ್ಟಲು ಕೋವಿಯ ಹಿಡಿಗೆ ತಾಗಿ ಕೆನ್ನೆ ಸರಿಯಾಗಿ ಕೂರುವುದಿಲ್ಲ. ಕಿವಿಯೊಳಗಿನ ಪ್ಲಗ್ ಬೇಕೆನ್ನಿಸುವುದು ಅಲ್ಲಿಯೇ.

ತುದಿ: ಹೆಚ್ಚು ಹೊತ್ತು ಕೊಡಬೇಕಾದ ಭಾಗ

ಡಬ್ಬದಲ್ಲಿ ಎಷ್ಟು ಅಳತೆಯ, ಎಷ್ಟು ಬಗೆಯ ತುದಿಗಳಿವೆ ಎಂದು ಕೊಳ್ಳುವ ಮೊದಲೇ ನೋಡಿ. ಚಿಕ್ಕದು, ನಡುವಿನದು, ದೊಡ್ಡದು ಮೂರೂ ಬೇಕು. ಫೋಮ್ ಮತ್ತು ಕೊಡೆಯಂತೆ ಅರಳಿದ ಸಿಲಿಕೋನ್, ಎರಡೂ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಎರಡು ಕಿವಿಗೂ ಒಂದೇ ಅಳತೆ ಆಗಬೇಕೆಂದಿಲ್ಲ. ಎಡಕ್ಕೆ ನಡುವಿನದು, ಬಲಕ್ಕೆ ಚಿಕ್ಕದು ಸರಿಹೋಗುವವರು ಎಷ್ಟೋ ಜನ.

ಫೋಮ್ ಚೆನ್ನಾಗಿ ಮುಚ್ಚುತ್ತದೆ, ಆದರೆ ಬೇಗ ಹಾಳಾಗುತ್ತದೆ. ಸಿಲಿಕೋನ್ ತೊಳೆದು ಬಳಸಬಹುದು, ಆದರೆ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಸಂದಿ ಉಳಿಯುತ್ತದೆ. ನಮ್ಮ ಸೆಕೆಗೆ ಸಿಲಿಕೋನ್ ಬೆವರಿ ಜಾರುವುದೂ ಇದೆ. ನನ್ನ ಓಟು ಫೋಮ್‌ಗೆ. ಬೇರೆ ತುದಿ ಬಿಡಿಯಾಗಿ ಸಿಗುತ್ತದೆಯೇ ಎಂದು ಮಾತ್ರ ಖಾತ್ರಿ ಮಾಡಿಕೊಳ್ಳಿ. ಪ್ಲಗ್ಗಿನಲ್ಲಿ ತುದಿ ಸಿಕ್ಕಿಸುವ ಕೊಳವೆ ಎಲ್ಲ ಕಂಪನಿಯದ್ದೂ ಒಂದೇ ದಪ್ಪ ಇರುವುದಿಲ್ಲ. ತುದಿ ಸಿಗದ ದುಬಾರಿ ಪ್ಲಗ್ ಆರು ತಿಂಗಳಲ್ಲಿ ಕಪಾಟು ಸೇರುತ್ತದೆ.

ಹಾಕುವ ಕ್ರಮ ಹೀಗೆ. ಕೈ ತೊಳೆದುಕೊಳ್ಳಿ. ಅಡಿಕೆ ಸುಲಿದ ಕೈ, ಕೋವಿಗೆ ಎಣ್ಣೆ ಹಾಕಿದ ಕೈ ಎರಡೂ ಆಗದು. ಕೋವಿ ಎಣ್ಣೆ ತಾಗಿದ ಫೋಮ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಫೋಮ್ ತುದಿಯನ್ನು ಬೆರಳ ನಡುವೆ ಸಮನಾಗಿ ಒತ್ತಿ ಸಣ್ಣ ಮಾಡಿ, ಮಡಿಕೆ ಬೀಳದ ಹಾಗೆ. ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಒಳಗಿನ ದಾರಿ ನೇರವಾಗುತ್ತದೆ. ತುದಿಯನ್ನು ಸ್ವಲ್ಪ ತಿರುಗಿಸುತ್ತ ಒಳಗೆ ತಳ್ಳಿ ಅರ್ಧ ನಿಮಿಷ ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಫೋಮ್ ಒಳಗೇ ಉಬ್ಬಬೇಕು. ಹಿಡಿಯದೆ ಬಿಟ್ಟರೆ ಅದು ಉಬ್ಬುತ್ತ ಹೊರಗೆ ಬರುತ್ತದೆ.

ಪರೀಕ್ಷೆ ಎಲೆಕ್ಟ್ರಾನಿಕ್ಸ್ ಆಫ್ ಮಾಡಿಯೇ ಆಗಬೇಕು. ಜೋರಾಗಿ ಒಂದು ಎರಡು ಮೂರು ಹೇಳಿ. ನಿಮ್ಮ ದನಿ ನಿಮಗೇ ತಲೆಯೊಳಗಿಂದ ಬಂದಂತೆ ದಪ್ಪ ಕೇಳಬೇಕು. ಪಕ್ಕದಲ್ಲಿ ಮಿಕ್ಸಿಯೋ ಪಂಪೋ ಓಡುತ್ತಿರಲಿ. ಅಂಗೈಗಳಿಂದ ಎರಡೂ ಕಿವಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಸದ್ದು ಗಕ್ಕನೆ ಇಳಿದರೆ ಪ್ಲಗ್ ಕೂತಿಲ್ಲ. ಹೆಚ್ಚು ವ್ಯತ್ಯಾಸ ಗೊತ್ತಾಗದಿದ್ದರೆ ಕೂತಿದೆ. ಆಮೇಲೆ ದವಡೆ ಆಡಿಸಿ ಮತ್ತೆ ನೋಡಿ. ದವಡೆ ಆಡಿದಾಗ ಕಿವಿಯ ಕೊಳವೆಯ ಆಕಾರ ಬದಲಾಗಿ ಪ್ಲಗ್ ಮೆಲ್ಲ ಹೊರಗೆ ಸರಿಯುತ್ತದೆ. ಎಲೆಯಡಿಕೆ ಜಗಿಯುತ್ತ ಹಂದಿಗೆ ಕಾಯುವವರು ಇದನ್ನು ಎರಡು ಸಲ ಓದಿ. ಎಣ್ಣೆಸ್ನಾನ ಮಾಡಿ ಕಿವಿಗೆ ಎಣ್ಣೆ ಬಿಟ್ಟ ದಿನವೂ ತುದಿ ನಿಲ್ಲುವುದಿಲ್ಲ.

ಯಾವ ತುದಿಯೂ ಸರಿ ಕೂರದಿದ್ದರೆ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಕಿವಿಯ ಅಚ್ಚು ತೆಗೆಸಿ ನಿಮ್ಮ ಕಿವಿಗೇ ಮಾಡಿಸಿದ ತುದಿ ಹಾಕಬಹುದು. ಖರ್ಚು ಹೆಚ್ಚು, ಆದರೆ ವಾರವೂ ಹೊಡೆಯುವವರಿಗೆ ಬಾಳುತ್ತದೆ. ಚಿಕ್ಕ ಮಕ್ಕಳಿಗೆ ಬೇಡ, ಅವರ ಕಿವಿ ಬೆಳೆಯುತ್ತ ಇರುತ್ತದೆ. ಮಕ್ಕಳಿಗೆ ಮಫ್ ಸರಿ.

ಇನ್ನು ಎಲೆಕ್ಟ್ರಾನಿಕ್ಸ್

ಎರಡು ಬಗೆ ಇವೆ. ಹಳೆಯ, ಅಗ್ಗದ ಬಗೆಯಲ್ಲಿ ಜೋರು ಸದ್ದು ಬಂದ ಕೂಡಲೇ ಮೈಕ್ ಪೂರ್ತಿ ಕಡಿದುಹೋಗಿ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ. ಒಬ್ಬರೇ ಹೊಡೆಯುವಾಗ ಪರವಾಗಿಲ್ಲ. ಪಕ್ಕದ ಲೇನಿನವರೂ ಹೊಡೆಯುತ್ತಿದ್ದರೆ ಕಲಿಸುವವರ ಮಾತು ತುಂಡು ತುಂಡಾಗಿ ಕೇಳುತ್ತದೆ. ಹೊಸ ಬಗೆಯಲ್ಲಿ ಜೋರು ಸದ್ದು ಮಾತ್ರ ತಗ್ಗುತ್ತದೆ, ಉಳಿದದ್ದು ಕೇಳುತ್ತಾ ಇರುತ್ತದೆ. ವಿವರದಲ್ಲಿ ‘ಕಂಪ್ರೆಷನ್’ ಎಂಬ ಮಾತು ಹುಡುಕಿ.

ಎಷ್ಟು ಮಿಲಿಸೆಕೆಂಡಿನಲ್ಲಿ ತಗ್ಗಿಸುತ್ತದೆ ಎಂಬ ಸಂಖ್ಯೆಯನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತಾರೆ. ಕಡಿಮೆ ಇದ್ದಷ್ಟೂ ಒಳ್ಳೆಯದು, ಸರಿ. ಆದರೆ ಅದಕ್ಕೋಸ್ಕರ ದುಪ್ಪಟ್ಟು ಕೊಡುವುದು ಬೇಡ, ತಡೆಯುವ ಕೆಲಸ ತುದಿಯದ್ದು ಎಂದು ಆಗಲೇ ಹೇಳಿದೆನಲ್ಲ.

ದಿಕ್ಕು ಗೊತ್ತಾಗುತ್ತದೆಯೇ ಎಂದು ಮನೆಯಲ್ಲೇ ನೋಡಬಹುದು. ಅಂಗಳದಲ್ಲಿ ಕಣ್ಣು ಮುಚ್ಚಿ ನಿಲ್ಲಿ. ಮನೆಯವರು ಯಾರಾದರೂ ಸುತ್ತ ನಡೆಯುತ್ತ ಅಲ್ಲಲ್ಲಿ ಚಿಟಿಕೆ ಹೊಡೆಯಲಿ. ಕೈ ತೋರಿಸಿ ಹೇಳಿ. ಎಡ ಬಲ ತಪ್ಪಬಾರದು. ಹಿಂದೆ ಮುಂದೆ ಸ್ವಲ್ಪ ಗೊಂದಲ ಆಗುತ್ತದೆ, ಬಳಸುತ್ತ ರೂಢಿಯಾಗುತ್ತದೆ. ಗಾಳಿಗೆ ಮೈಕ್ ಭರ್ರ್ ಎನ್ನುತ್ತದೆಯೇ ಎಂದೂ ನೋಡಿ, ಸಮುದ್ರದ ಕಡೆಯವರಿಗೆ ಇದು ದೊಡ್ಡ ಕಿರಿಕಿರಿ.

ಬ್ಲೂಟೂತ್? ರೇಂಜಿನಲ್ಲಿ ಫೋನು, ಹಾಡು ಬೇಡ. ಆ ಸೌಲಭ್ಯ ಇಲ್ಲದ ಮಾಡೆಲ್ ಸಿಕ್ಕಿದರೆ ದುಡ್ಡು ಉಳಿಯಿತು ಎನ್ನಿ. ಪೂರ್ತಿ ಬಿಡಿಬಿಡಿ ಪ್ಲಗ್ಗಿಗಿಂತ ಕುತ್ತಿಗೆಯ ಹಿಂದೆ ದಾರ ಇರುವುದು ತೋಟದ ಕೆಲಸಕ್ಕೆ ವಾಸಿ, ಸೋಗೆಯ ರಾಶಿಯಲ್ಲಿ ರಾತ್ರಿ ಬಿದ್ದ ಪ್ಲಗ್ ಸಿಗುವುದಿಲ್ಲ. ಆದರೆ ಮಲಗಿ ಹೊಡೆಯುವವರಿಗೆ ದಪ್ಪ ಕಾಲರಿನ ಜಾಕೆಟ್ಟಿಗೆ ಅದೇ ದಾರ ಸಿಕ್ಕಿ ಪ್ಲಗ್ ಎಳೆಯುತ್ತದೆ. ಕನ್ನಡಕದವರು ಕಿವಿಯ ಹಿಂದೆ ಕೊಕ್ಕೆ ಬರುವ ಮಾಡೆಲ್ ಬಿಡಿ.

ಬ್ಯಾಟರಿ ಮತ್ತು ಮಳೆ

ಚಾರ್ಜ್ ಮಾಡುವ ಬಗೆ ಬಳಸಲು ಸುಲಭ. ಕೆಲವು ವರ್ಷದಲ್ಲಿ ಬ್ಯಾಟರಿ ಸೋತರೆ ಬದಲಿಸುವ ದಾರಿ ಹೆಚ್ಚಿನವಕ್ಕೆ ಇಲ್ಲ. ಎಟಿಮೋಟಿಕ್‌ನ ಗನ್‌ಸ್ಪೋರ್ಟ್ ಪ್ರೊದಂಥವು 10ನೇ ನಂಬರಿನ ಪುಟ್ಟ ಬ್ಯಾಟರಿಯಲ್ಲಿ ಓಡುತ್ತವೆ. ಶ್ರವಣಯಂತ್ರಕ್ಕೆ ಹಾಕುವ, ಹಳದಿ ಗುರುತಿನ ಅದೇ ಬ್ಯಾಟರಿ. ಶ್ರವಣಯಂತ್ರದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಅದರ ಸ್ಟಿಕ್ಕರ್ ತೆಗೆದ ಕ್ಷಣದಿಂದ ಗಾಳಿ ಹೀರಿ ಖರ್ಚಾಗಲು ಶುರು. ಮೊದಲೇ ತೆಗೆದಿಡಬೇಡಿ. ತೆಗೆದು ಒಂದು ನಿಮಿಷ ಬಿಟ್ಟು ಹಾಕಿ.

ಮಳೆಗಾಲದಲ್ಲಿ ಇಂಥ ಸಾಮಾನು ಕೆಡುವುದು ನೀರಿಗಿಂತ ತೇವಕ್ಕೆ. ಐಪಿ67 ಎಂದಿದ್ದರೆ ಧೂಳು ಒಳಗೆ ಹೋಗುವುದಿಲ್ಲ, ನೀರಲ್ಲಿ ಬಿದ್ದರೂ ಸ್ವಲ್ಪ ಹೊತ್ತು ತಾಳುತ್ತದೆ. ಆದರೆ ಬೆವರು, ಗುಗ್ಗೆ, ಮೂರು ತಿಂಗಳ ಥಂಡಿ, ಇವಕ್ಕೆ ಆ ಗುರುತು ಉತ್ತರವಲ್ಲ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಟ್ಟಿ ಮುಚ್ಚಳದ ಡಬ್ಬದಲ್ಲಿಡಿ. ಕೋವಿ ಇಡುವ ಕಪಾಟಿನಲ್ಲಿ ಎಣ್ಣೆ ಜತೆ ಬೇಡ. ತುದಿ ಕಳಚಿ, ಸಿಲಿಕೋನ್ ಆದರೆ ಸಾಬೂನು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಮೈಕ್ ಇರುವ ಭಾಗವನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊಳ್ಳುವ ದಿನ, ಹಾಕುವ ದಿನ

ಹೆಸರಾಂತ ಮಾಡೆಲ್‌ಗಳಲ್ಲಿ ಹೆಚ್ಚಿನವು ಹೊರದೇಶದವು. ಅಲ್ಲಿನ ಬೆಲೆ ಸುಮಾರು ನೂರು ಡಾಲರಿನಿಂದ ಶುರುವಾಗಿ ಮೂರು ನಾಲ್ಕು ನೂರರವರೆಗೆ ಇದೆ. ಇಲ್ಲಿಗೆ ಬರುವಾಗ ಸುಂಕ, ಸಾಗಣೆ ಸೇರುತ್ತದೆ. ಕಿವಿಯೊಳಗೆ ಹಾಕುವ ಸಾಮಾನನ್ನು ಹೆಚ್ಚಿನ ಮಾರಾಟಗಾರರು ವಾಪಸ್ ತೆಗೆದುಕೊಳ್ಳುವುದಿಲ್ಲ, ಅದನ್ನು ಮೊದಲೇ ಕೇಳಿ. ಗಲ್ಫಿನಲ್ಲಿರುವ ಅಣ್ಣನೋ ಭಾವನೋ ತರುತ್ತಾರೆಂದಾದರೆ ಬಿಡಿ ತುದಿಯ ಪ್ಯಾಕೆಟ್ಟುಗಳನ್ನೂ ಜತೆಗೇ ತರಲು ಹೇಳಿ. ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ನೋಡಿ, ಬಹಳ ಸಲ ನಡೆಯುವುದಿಲ್ಲ.

ಮೊದಲ ದಿನವೇ ಹನ್ನೆರಡು ಬೋರಿನ ಜತೆ ಪರೀಕ್ಷೆ ಮಾಡಬೇಡಿ. ಮನೆಯಲ್ಲಿ ಒಂದೆರಡು ಸಂಜೆ ಹಾಕಿಕೊಂಡು ಓಡಾಡಿ. ರೇಂಜಿನಲ್ಲಿ ಮೊದಲ ಸಲ ಮೇಲೊಂದು ಮಫ್ ಇರಲಿ, ಗುಂಡು ಹೊಡೆಯುವ ಗೆರೆಯಿಂದ ಹಿಂದೆ ನಿಂತು ಬೇರೆಯವರ ಈಡು ಕೇಳಿ. ಚುಚ್ಚಿದಂತಾದರೆ ಹೊರಗೆ ಬಂದು ತುದಿ ಬದಲಿಸಿ. ಪನತ್ತಡಿ, ಪಾಣತ್ತೂರು ಕಡೆಯವರು ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಕೊಡಗಿಗೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡುವುದುಂಟು. ನೋಡುವವರ ಕಿವಿಯೂ ಕಿವಿಯೇ. ಹೊಡೆಯದಿದ್ದರೂ ಜೇಬಿನಲ್ಲಿ ನಾಲ್ಕು ಜೊತೆ ಫೋಮ್ ಪ್ಲಗ್ ಇರಲಿ, ಪಕ್ಕದ ಮಕ್ಕಳಿಗೂ ಆಗುತ್ತದೆ.

ಹೊಡೆದು ಬಂದ ಮೇಲೆ ಕಿವಿ ಗುಂಯ್ ಎಂದರೆ, ದನಿಗಳು ಹತ್ತಿಯ ಹಿಂದಿನಿಂದ ಬಂದಂತೆ ಕೇಳಿದರೆ, ರಕ್ಷಣೆ ಸಾಲಲಿಲ್ಲ ಎಂದು ಅರ್ಥ. ಆ ಕಿವಿ ಸರಿಯಾಗುವ ತನಕ ಕೋವಿ, ಬೆಡಿ, ಜೋರು ಹಾಡು ಯಾವುದೂ ಬೇಡ. ಮರುದಿನಕ್ಕೂ ಕಡಿಮೆಯಾಗದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತಾನಾಗಿ ಹೋಗುತ್ತದೆ ಎಂದು ಕಾಯಬೇಡಿ. ಹಠಾತ್ತನೆ ಕಿವಿ ಮಂದವಾದಾಗ ಕೊಡುವ ಔಷಧ ಮೊದಲ ದಿನಗಳಲ್ಲೇ ಶುರುವಾದರೆ ಫಲ ಹೆಚ್ಚು. ಡಾಕ್ಟರ ಹತ್ತಿರ ಹೋಗುವಾಗ ಹಳೆಯ ಆಡಿಯೋಗ್ರಾಮ್ ಹಾಳೆ ಒಯ್ಯಿರಿ. ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಆ ಪರೀಕ್ಷೆ ಮಾಡಿಸಿ, 8000 ಹರ್ಟ್ಸ್ ತನಕ ಅಳೆಯಲು ಹೇಳಿ. ಹೊಸ ಹಾಳೆಯನ್ನು ಹಳೆಯದರ ಪಕ್ಕದಲ್ಲಿಟ್ಟು 4000ದ ಹತ್ತಿರ ಗೆರೆ ತಗ್ಗಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ತಗ್ಗಿದ್ದರೆ ಮುಂದಿನ ಸಲದಿಂದ ಪ್ಲಗ್ಗಿನ ಮೇಲೆ ಮಫ್ ಕಡ್ಡಾಯ.